ಗಿಡಗಳಿಗೆ ದನಿ ಕೊಟ್ಟ ನೀಲಾ

ನಮ್ಮ ಗಜೇಂದ್ರಗಡದಲ್ಲಿ ಯಾರ ಮನೆಗೆ ಹೋಗಿ ನೀರು ಕುಡಿದರೂ ತಂಬಿಗೆಯ ಮೇಲೊಂದು ಹೆಸರಿರುತ್ತದೆ. ಯಾವ ಮದುವೆಯಲ್ಲಿ ಯಾರು ಕೊಟ್ಟದ್ದು ಎಂದು ಕೊರೆಸಿರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ನಾಲ್ಕು ಮನೆಯ ಪಾತ್ರೆ ಒಂದೆಡೆ ಸೇರಿದಾಗ ಗುರುತು ಬೇಕು. ಆದರೆ ಗುಡಿಯ ಫ್ಯಾನು ನೋಡಿ, ರೆಕ್ಕೆಗೊಂದು ಹೆಸರು. ಫ್ಯಾನು ನಿಂತಾಗ ಮಾತ್ರ ಅದನ್ನು ಓದಲು ಬರುತ್ತದೆ, ಹಾಗಾಗಿ ಕೊಟ್ಟವರ ಮನೆಯವರು ಬಂದಾಗ ಪೂಜಾರಿ ಫ್ಯಾನು ಆರಿಸಿ ಬೆವರುತ್ತ ನಿಲ್ಲುತ್ತಾನೆ. ಟ್ಯೂಬ್‌ಲೈಟಿನ ಮೇಲೆ ಅಪ್ಪನ ಹೆಸರು, ಅವ್ವನ ಹೆಸರು, ಊರಿನ ಹೆಸರು ಎಲ್ಲ ಬರೆಸಿ ಬೆಳಕು ಹೊರಬರಲು ಜಾಗವೇ ಉಳಿದಿರುವುದಿಲ್ಲ. ರುದ್ರಭೂಮಿಯಲ್ಲಿ ಹೆಣ ಇಳಿಸುವ ಕಟ್ಟೆಯೂ ಒಬ್ಬರ ಸೇವೆ. ಮೊದಲು ಇದನ್ನೆಲ್ಲ ನೋಡಿ ನಗುತ್ತಿದ್ದೆ. ನೀಲಾಳ ಪ್ರಸಂಗ ಕಣ್ಣಾರೆ ಕಂಡ ಮೇಲೆ ನಗು ಹೋಗಿ ವಾಕರಿಕೆ ಉಳಿದಿದೆ.

ನೀಲಾ ರಾಜೂರಿನವಳು. ಅಪ್ಪ ದೇವಪ್ಪ, ಅವ್ವ ಮಾನವ್ವ, ಇಬ್ಬರೂ ಕೂಲಿಕಾರರು. ಹಿಂಗಾರಿ ಬಿತ್ತನೆ ಮುಗಿಯುತ್ತಲೇ ಗೋವಾಕ್ಕೆ ಹೋಗಿ ಕಟ್ಟಡದ ಕೆಲಸದಲ್ಲಿ ಕಲ್ಲು, ಸಿಮೆಂಟು ಹೊತ್ತು, ಕಡಲೆ ಕೀಳುವ ಹೊತ್ತಿಗೆ ಊರಿಗೆ ಬರುವವರು. ಮಗಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಿದ್ದರು. ಹೈಸ್ಕೂಲಿಗೆಂದು ಗಜೇಂದ್ರಗಡಕ್ಕೆ ಬರುತ್ತಿದ್ದ ಹುಡುಗಿ ಬಸ್ಸಿನ ಹೊತ್ತಾಗುವವರೆಗೆ ವಾಚನಾಲಯದಲ್ಲಿ ಕೂರುತ್ತಿತ್ತು. ಆ ವಾಚನಾಲಯದಲ್ಲೇ ದುಡಿದು ನಿವೃತ್ತನಾದವನು ನಾನು. ಗಿಡಮರಗಳ ಪುಸ್ತಕ ಬಿಟ್ಟು ಬೇರೆ ಯಾವುದನ್ನೂ ಅವಳು ಮುಟ್ಟಿದ್ದನ್ನು ನಾನು ನೋಡಲಿಲ್ಲ. ಆಗಿನಿಂದ ನಾನು ಅವಳಿಗೆ ಕಾಕಾ.

ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಬಂದಳು. ರೋಣದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದಳು. ಅತಿಥಿ ಅಂದರೆ ಗೊತ್ತಲ್ಲ, ಊಟಕ್ಕೆ ಕರೆಯುತ್ತಾರೆ, ಎಲೆ ಹಾಕುವುದಿಲ್ಲ. ಅವಳು ಅದಕ್ಕೆಲ್ಲ ಅಳುವವಳಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ದಾರಿಯಲ್ಲಿ ಹೋಗುವವರು ಸುಮ್ಮನೆ ಬೇವಿನ ಟೊಂಗೆ ಮುರಿದರೆ ನಿಲ್ಲಿಸಿ ಬಯ್ಯುತ್ತಿದ್ದಳು. ಗಿಡದ ಹೆಸರು ತಪ್ಪು ಹೇಳಿದರೆ ಸ್ವಂತ ಪ್ರೊಫೆಸರನ್ನೂ ಬಿಟ್ಟವಳಲ್ಲ. ಒರಟು ದನಿ, ಒಡೆದ ಹಲಗೆಯ ಸಪ್ಪಳ. ವರ ನೋಡಲು ಬಂದವರು ಆ ದನಿ ಕೇಳಿ ಚಹಾ ಅರ್ಧಕ್ಕೇ ಬಿಟ್ಟು ಹೋದರು ಎಂದು ಅವಳೇ ನಮ್ಮ ಮನೆಯಲ್ಲಿ ಕೂತು ಹೇಳಿ ನಗುತ್ತಿದ್ದಳು.

ಊರಿನ ಸಾಹುಕಾರರೆಲ್ಲ ಸೇರಿ ಒಂದು ಸಮಿತಿ ಮಾಡಿಕೊಂಡು ಗುಡ್ಡದ ಬುಡದಲ್ಲಿ ಒಂದು ಉದ್ಯಾನ ಮಾಡಿದರು. ಔಷಧಿ ಗಿಡ, ನೆರಳಿನ ಗಿಡ, ಹೂವಿನ ಗಿಡ, ನಡೆದಾಡಲು ಕಾಲುದಾರಿ. ಅದು ಒಳ್ಳೆಯ ಕೆಲಸವೇ, ಇಲ್ಲ ಅನ್ನುವುದಿಲ್ಲ. ಗಿಡಗಳನ್ನು ಆರಿಸಿ ಕೊಡಲು ನೀಲಾಳನ್ನು ಕರೆದರು. ಅವಳು ಗಿಡ ಆರಿಸಿ ಸುಮ್ಮನಾಗಲಿಲ್ಲ.

“ಕಾಕಾ, ನಮ್ಮ ಹುಡುಗ್ರು ಮೊಬೈಲ್‌ನ್ಯಾಗ ಅಮೇಜಾನ್ ಕಾಡ ನೋಡ್ತಾವ, ಕಾಲೇಜ್ ಗೇಟಿನ ಮುಂದಿನ ಹೊಂಗಿ ಗಿಡ ಯಾವ್ದು ಅಂದ್ರ ಗೊತ್ತಿಲ್ಲ,” ಅಂದಳು. “ಫೋನ್ ಬಿಡ್ರಿ ಅಂದ್ರ ಯಾರೂ ಬಿಡಂಗಿಲ್ಲ. ಅದ ಫೋನಿನ್ಯಾಗ ಗಿಡಾನ ಮಾತಾಡುವಂಗ ಮಾಡತೀನಿ.”

ಚಹಾದ ಅಂಗಡಿಯಲ್ಲಿ ದುಡ್ಡು ಹಾಕಲು ಫೋನು ಹಿಡಿಯುತ್ತೇವಲ್ಲ, ಆ ಚೌಕದ ಕಪ್ಪು ಚುಕ್ಕಿಗಳ ಚಿತ್ರ, ನಮ್ಮ ಕಡೆ ಅದಕ್ಕೆ ‘ಸ್ಕ್ಯಾನರ್’ ಎಂದೇ ಹೆಸರು. ಗಿಡಕ್ಕೊಂದು ಸ್ಕ್ಯಾನರ್. ಅದರೆದುರು ಫೋನು ಹಿಡಿದರೆ ಆ ಗಿಡದ ಹೆಸರೇನು, ಯಾತಕ್ಕೆ ಬರುತ್ತದೆ, ಯಾತಕ್ಕೆ ಬರುವುದಿಲ್ಲ ಎಂದು ದನಿ ಕೇಳಬೇಕು. ಓದಲು ಬಾರದವರಿಗೂ ತಿಳಿಯಬೇಕು ಎಂಬುದು ಅವಳ ಹಟ. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲು ರಿಪೇರಿ, ಬ್ಯಾನರ್ ಪ್ರಿಂಟು ಎರಡೂ ಮಾಡುವ ಮೆಹನಾಜ ಅವಳ ಗೆಳತಿ. ಸ್ಕ್ಯಾನರಿನ ಕೆಲಸವನ್ನೆಲ್ಲ ಮೆಹನಾಜ ವಹಿಸಿಕೊಂಡಳು.

ದನಿ ಮುದ್ರಣ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಆಯಿತು. ಬೀದಿಯ ಗದ್ದಲ ಕೇಳಬಾರದೆಂದು ನೀಲಾ ತಲೆಯ ಮೇಲೆ ಕೌದಿ ಹೊದ್ದು ಕೂತು, ಬೆವರಿನಲ್ಲಿ ತೊಯ್ದು, ಒಂದೊಂದು ಗಿಡದ ಮಾತನ್ನು ಮತ್ತೆ ಮತ್ತೆ ಹೇಳಿದಳು. ಆ ಒರಟು ದನಿ ಹೇಗೆ ಇಷ್ಟು ಮೆತ್ತಗಾಯಿತೋ ತಿಳಿಯದು. ಕೇಳಿದ ನನ್ನ ಮನೆಯಾಕೆ, “ಏ ಹುಡುಗಿ, ಇದು ನಿಂದ ದನಿ ಏನವಾ? ಬೆಲ್ಲ ಕಲಸಿದಂಗ ಐತಲ್ಲ!” ಅಂದಳು. ನೀಲಾ ಕೌದಿಯ ಒಳಗಿಂದಲೇ, “ಕಾಕೂ, ಸುಮ್ಮನ ಇರ್ರಿ, ನಿಮ್ಮ ಮಾತೂ ಒಳಗ ಬಂತು,” ಎಂದು ಗದರಿದಳು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಇನ್ಸುಲಿನ್ ಗಿಡ. ಸಕ್ಕರೆ ಕಾಯಿಲೆಯವರು ದಿನಕ್ಕೊಂದು ಎಲೆ ಅಗಿಯುತ್ತಾರಲ್ಲ, ಅದು. ಮಾನವ್ವನಿಗೆ ಸಕ್ಕರೆ ಕಾಯಿಲೆ. ಪಾದದಲ್ಲಿ ಗಾಯವಾದರೆ ತಿಂಗಳಾದರೂ ಮಾಯದು. ಮಾತ್ರೆ ಬಿಡಬಾರದು, ಎಲೆ ಒಂದೇ ಸಾಕೆಂದು ತಿಳಿಯಬಾರದು, ಆದರೆ ತಿನ್ನುವವರು ಒಂದೇ ಎಲೆಯನ್ನು ಚೆನ್ನಾಗಿ ಅಗಿದು ನುಂಗಬೇಕು ಎಂದು ತೂಕ ಮಾಡಿ ಹೇಳಿದಳು. “ನಮ್ಮವ್ವ ಬಂದು ಕೇಳತಾಳ ಕಾಕಾ. ಆಕಿಗೆ ತಿಳಿಯುವಂಗ ಇರಬೇಕು,” ಅಂದಳು.

ಇನ್ನೊಂದು ಗಿಡವನ್ನು ಅವಳು ಹಟ ಹಿಡಿದು ತರಿಸಿದ್ದಳು. ಹೋಟೆಲಿನ ಬಾಗಿಲಲ್ಲಿ, ಬ್ಯಾಂಕಿನ ಮೂಲೆಯಲ್ಲಿ ಕುಂಡದಲ್ಲಿಡುತ್ತಾರೆ, ಅಗಲ ಎಲೆ, ಎಲೆಯ ತುಂಬ ಬಿಳಿ ಚುಕ್ಕಿ. ಡಂಬ್‌ಕೇನ್ ಎಂದು ಹೆಸರು. ನೋಡಲು ಬಲು ಚಂದ, ಬಾಯಿಗಿಟ್ಟರೆ ನಾಲಿಗೆ, ಗಂಟಲು ಬಾತು ಮಾತೇ ನಿಂತುಹೋಗುತ್ತದೆ. “ಎಲ್ಲಾರ ಬಾಗಿಲಾಗ ಐತಿ, ಯಾರಿಗೂ ಗೊತ್ತಿಲ್ಲ. ಇಲ್ಲೆ ಬಂದಾದರೂ ತಿಳಕೊಳ್ಳಲಿ,” ಅನ್ನುವುದು ಅವಳ ವಾದ. ಅದರ ದನಿಯಲ್ಲಿ ಮೊದಲ ಮಾತೇ ‘ಇದು ವಿಷ’ ಎಂದಿತ್ತು.

ಇಲ್ಲಿಂದ ಮುಂದೆ ಹೆಸರುಗಳ ಕತೆ. ಸಮಿತಿಯ ಅಧ್ಯಕ್ಷ ಪ್ರಭುಲಿಂಗಪ್ಪ, ಕಾಳುಕಡಿಯ ಅಡತಿ ವ್ಯಾಪಾರಿ, ಅಬ್ಬಿಗೇರಿಯಲ್ಲಿ ಎರೆಹೊಲ. ಕೊಡುವ ಕೈ ದೊಡ್ಡದು, ಕೊಟ್ಟದ್ದನ್ನು ಹೇಳುವ ಬಾಯಿ ಇನ್ನೂ ದೊಡ್ಡದು. ಗಿಡಕ್ಕೊಬ್ಬ ದಾನಿ, ದಾನಿಗೊಂದು ಫಲಕ ಎಂದು ಗೊತ್ತು ಮಾಡಿದ. ಫಲಕದ ಮೇಲೆ ಅಂಗೈ ಅಗಲದ ಅಕ್ಷರಗಳಲ್ಲಿ ದಾನಿಯ ಹೆಸರು, ಅವರಪ್ಪನ ಹೆಸರು, ಮನೆತನ. ಗಿಡದ ಹೆಸರು ಬರೆಯಲು ಜಾಗವೇ ಉಳಿಯಲಿಲ್ಲ. ಮೆಹನಾಜ ಜಗಳಾಡಿ ಮೂಲೆಯಲ್ಲಿ ಒಂದು ಸ್ಟಿಕರ್ ಅಂಟಿಸಲು ಒಪ್ಪಿಸಿದಳು. ಅದರಲ್ಲಿ ಸ್ಕ್ಯಾನರ್, ಕೆಳಗೆ ಇರುವೆ ಸಾಲಿನಷ್ಟು ಸಣ್ಣಗೆ ಗಿಡದ ಹೆಸರು. ಮುಂದೆ ಎಲ್ಲವೂ ಕೆಟ್ಟದ್ದು ಆ ಸ್ಟಿಕರಿನಿಂದಲೇ.

ಶ್ರೀಗಂಧಕ್ಕೆ, ಪತ್ರಿ ಗಿಡಕ್ಕೆ, ಬನ್ನಿಗೆ ದಾನಿಗಳು ಮುಗಿಬಿದ್ದರು. ಎಕ್ಕೆ, ಕಳ್ಳಿ ಬೇಡವೆಂದು ಮುಖ ತಿರುವಿದರು. ಪ್ರಭುಲಿಂಗಪ್ಪ ಮಾತ್ರ ಗಿಡ ಯಾವುದೆಂದು ಕೇಳಲೇ ಇಲ್ಲ, ಜಾಗ ಕೇಳಿದ. ಬಾಗಿಲು ದಾಟುತ್ತಿದ್ದಂತೆ ಕಣ್ಣಿಗೆ ಬೀಳುವ, ಫೋಟೊ ಹೊಡೆಯಲು ಅನುಕೂಲವಾದ ಮೊದಲ ಜಾಗ. ಅಲ್ಲಿ ಇದ್ದದ್ದು ಆ ಚುಕ್ಕಿ ಎಲೆಯ ಡಂಬ್‌ಕೇನ್. ತೀರಿಹೋದ ಅಪ್ಪ ಗುರುಪಾದಪ್ಪನ ಹೆಸರಿನ ದೊಡ್ಡ ಫಲಕ ಅದರ ಮುಂದೆ ಕಾಂಕ್ರೀಟಿನಲ್ಲಿ ಗಟ್ಟಿಯಾಗಿ ಕೂತಿತು.

ಉದ್ಘಾಟನೆಯ ಹಿಂದಿನ ಸಂಜೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದು ಹೆಮ್ಮೆಯಿಂದ ಫೋನು ಹಿಡಿದ. ನೀಲಾಳ ಬೆಲ್ಲದ ದನಿ ‘ಇದು ವಿಷ’ ಎಂದಿತು. ಗುರುಪಾದಪ್ಪನ ಹೆಂಡತಿ, ಮುದುಕಿ ಸಿದ್ದವ್ವ ಸೆರಗು ಬಾಯಿಗೊತ್ತಿಕೊಂಡು, “ಅಯ್ಯ ಪ್ರಭು, ನಿಮ್ಮಪ್ಪನ ಹೆಸರ ಮುಂದ ವಿಷ ಅಂತಾಳಲ್ಲೋ ಯಪ್ಪಾ!” ಎಂದು ಅತ್ತಳಂತೆ. ತೋಟದ ಮಾಲಿ ಗೋಣೆಪ್ಪ ಇದನ್ನು ನೋಡಿ ನನಗೆ ಆಮೇಲೆ ಹೇಳಿದ್ದು.

ನೀಲಾ ಆ ವಾರ ಪರೀಕ್ಷೆಯ ಕೆಲಸಕ್ಕೆ ನರಗುಂದಕ್ಕೆ ಹೋಗಿದ್ದಳು. ಅವಳನ್ನು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಪ್ರಭುಲಿಂಗಪ್ಪನಿಗೆ ಮುಂದಿನ ಜಾಗವೂ ಬಿಡಬಾರದು, ಒಳ್ಳೆಯ ಮಾತೂ ಕೇಳಬೇಕು. ಅವನ ತಮ್ಮ ಮುತ್ತಣ್ಣ ಉಪಾಯ ಹುಡುಕಿದ. ನೀರಿನ ಟಾಕಿಯ ಹಿಂದೆ, ಯಾರೂ ಹೋಗದ ಮೂಲೆಯಲ್ಲಿ ಇನ್ಸುಲಿನ್ ಗಿಡವಿತ್ತು. ಅದರ ಫಲಕದ ಸ್ಟಿಕರ್ ಸುಲಿದು ತಂದು ಅಪ್ಪನ ಫಲಕಕ್ಕೆ ಹಚ್ಚಿದ, ಅಪ್ಪನ ಫಲಕದ್ದನ್ನು ಒಯ್ದು ಅಲ್ಲಿಗೆ ಹಚ್ಚಿದ. ಗೋಣೆಪ್ಪ ಹಿಂಜರಿದು ಏನೋ ಅಂದದ್ದಕ್ಕೆ, “ಏ, ಚೀಟಿ ಬದಲ ಮಾಡಿದ್ರ ಗಿಡಕ್ಕೇನ್ ಗೊತ್ತಾಗತೈತೇನ್?” ಎಂದು ನಕ್ಕ.

ಮತ್ತೆ ಫೋನು ಹಿಡಿದರು. ಸಕ್ಕರೆ ಕಾಯಿಲೆಯವರಿಗೆ ಬೇಕಾದ ಗಿಡ ಎಂದು ದನಿ ಬಂತು. ಸಿದ್ದವ್ವ ಕಣ್ಣೊರೆಸಿಕೊಂಡು, “ಅವರಿಗೂ ಸಕ್ಕರಿ ಇತ್ತು, ಚಲೋ ಕೂಡಿ ಬಂತು,” ಅಂದಳು. ಆ ಮುದುಕಿಯ ಮೇಲೆ ನನಗೆ ಸಿಟ್ಟಿಲ್ಲ. ಗಿಡವೆಂದರೆ ಹೆಸರು ತಗುಲಿಹಾಕುವ ಗೂಟ ಎಂದು ತಿಳಿದ ಆ ಗಂಡಸರ ಮೇಲೆ ಇದೆ, ಸಾಯುವ ತನಕ ಇರುತ್ತದೆ.

ಉದ್ಘಾಟನೆಗೆ ನಾನು ಹೋಗಲಿಲ್ಲ. ಒಬ್ಬರಿಗೊಬ್ಬರು ಶಾಲು ಹೊದಿಸುವುದನ್ನು ನೋಡಲು ನನಗೆ ಕಾಲು ಬರುವುದಿಲ್ಲ. ನೀಲಾ ನರಗುಂದದಿಂದ ಬಂದ ಭಾನುವಾರ ಅವಳ ಜೊತೆಗೇ ಮೊದಲ ಸಲ ಹೋದೆ.

ಏನು ಹೇಳಲಿ ಆ ಭಾನುವಾರದ ಚಂದ! ಲೋಳೆಸರದ ಎಲೆಗಳ ಮೇಲೆ ಉಗುರಿನಿಂದ ಹುಡುಗ ಹುಡುಗಿಯರ ಹೆಸರು ಗೀಚಿದ್ದರು. ಹಿರಿಯರು ಫಲಕದ ಮೇಲೆ ಬರೆಸಿದರೆ ಕಿರಿಯರು ಎಲೆಯ ಮೇಲೆ ಬರೆಯುತ್ತಾರೆ, ವಂಶದ ಗುಣ. ತುಳಸಿಯ ಬುಡಕ್ಕೆ ಗುಟಕಾ ಉಗುಳಿದ್ದರು, ಕೆಂಪಗೆ ಇನ್ನೂ ಹಸಿಯಾಗಿತ್ತು. ಒಬ್ಬಳು ಶ್ರೀಗಂಧದ ಸಸಿಯನ್ನು ಸೊಂಟಕ್ಕೆ ಒತ್ತಿಕೊಂಡು ಕುಣಿಯುತ್ತಿದ್ದಳು, ಇನ್ನೊಬ್ಬಳು ವಿಡಿಯೊ ಮಾಡುತ್ತಿದ್ದಳು. ಜಕ್ಕಲಿಯ ಕಡೆಯ ಒಬ್ಬ ಹಿರಿಯರು ಸ್ಕ್ಯಾನರಿನೆದುರು ಫೋನು ಹಿಡಿದು, “ಎಷ್ಟ ಹಾಕಬೇಕ್ರಿ ಇದಕ್ಕ?” ಎಂದು ನನ್ನನ್ನು ಕೇಳಿದರು. ಕೇಳಿದರಲ್ಲ, ಅವರೊಬ್ಬರೇ ಅಂದು ಮನುಷ್ಯರಂತೆ ಕಂಡರು.

ನೀಲಾ ಹಲ್ಲು ಕಡಿಯುತ್ತ ನಡೆಯುತ್ತಿದ್ದಳು. ವಾಪಸು ಗೇಟಿನ ಹತ್ತಿರ ಬಂದಾಗ ಥಟ್ಟನೆ ನಿಂತಳು. ಒಬ್ಬ ಗಂಡಸು ತನ್ನ ಹೆಂಡತಿಗೆ ಡಂಬ್‌ಕೇನಿನ ಮುಂದೆ ಫೋನಿನ ದನಿ ಕೇಳಿಸುತ್ತಿದ್ದ. ಒಂದು ಎಲೆಯನ್ನು ಚೆನ್ನಾಗಿ ಅಗಿದು ನುಂಗಬೇಕು ಎಂದು ಅವಳದೇ ದನಿ ಹೇಳುತ್ತಿತ್ತು. ಹೆಂಡತಿ ಎಲೆಗೆ ಕೈ ಹಾಕಿದ್ದಳು.

“ಮುಟ್ಟಬ್ಯಾಡ್ರಿ!” ಎಂದು ನೀಲಾ ಚೀರಿ ಓಡಿ ಆ ಕೈ ತಳ್ಳಿದಳು. “ಅದು ವಿಷ ಐತ್ರಿ! ಫೋನ್ ಹೇಳಾಕತ್ತಿದ್ದು ಬ್ಯಾರೆ ಗಿಡದ್ದು!”

ಗಂಡಸು ಅವಳನ್ನು ಮೇಲಿಂದ ಕೆಳಗೆ ನೋಡಿದ. “ನೀ ಯಾರವಾ? ಫೋನಿನ್ಯಾಗ ಮೇಡಮ್ಮಾರು ಹೇಳಾಕತ್ತಾರ, ಕೇಳಸವಲ್ದೇನ್?”

“ಆ ಮೇಡಮ್ ನಾನ ಅದೀನ್ರಿ!”

ಅವನು ನಕ್ಕ. ಸುತ್ತ ನಿಂತವರೂ ನಕ್ಕರು. “ಅವರದ ದನಿ ಎಷ್ಟ ಸಂಭಾವಿತ ಐತಿ, ನಿಂದ ನೋಡು ಹ್ಯಾಂಗೈತಿ!” ಅಂದ. ಆದರೂ ಗದ್ದಲಕ್ಕೆ ಹೆದರಿ ಹೆಂಡತಿಯನ್ನು ಎಳೆದುಕೊಂಡು ಹೋದ, ಅಷ್ಟು ಪುಣ್ಯ. ನನಗೆ ಆ ನಗುವನ್ನು ಕೇಳಿ ಮೈ ಉರಿಯಿತು. ಕಣ್ಣೆದುರಿನ ಮನುಷ್ಯಳು ಕೂಗಿ ಹೇಳಿದರೆ ಹುಚ್ಚಿ, ಅವಳದೇ ದನಿಯಲ್ಲಿ ಅಂಗೈಯೊಳಗಿನ ಪೆಟ್ಟಿಗೆ ಹೇಳಿದ್ದು ವೇದ.

ನೀಲಾ ಅಲ್ಲೇ ಕೂತು ಉಗುರಿನಿಂದ ಆ ಸ್ಟಿಕರ್ ಸುಲಿದು ಹಾಕಿದಳು. ಮರುದಿನ ಮುತ್ತಣ್ಣ ಬೇರೆ ಅಂಗಡಿಯಲ್ಲಿ ಅದರ ನಕಲು ಮಾಡಿಸಿ, ಮೇಲೆ ಗಾಜು ಕೂರಿಸಿ ಮೊಳೆ ಹೊಡೆಸಿದ. ತೀರಿಹೋದ ಹಿರಿಯರ ಫಲಕ ಕೆಡಿಸಿದಳೆಂದು ಅವಳನ್ನು ಒಳಗೆ ಬಿಡಬಾರದೆಂದು ಗೇಟಿನಲ್ಲಿ ಹೇಳಿಟ್ಟ. ನಾನು ‘ಈ ಎಲೆ ತಿನ್ನಬೇಡಿ’ ಎಂದು ರಟ್ಟಿನ ಮೇಲೆ ಬರೆದು ಕಟ್ಟಿ ಬಂದೆ. ಹೆಸರು ಮುಚ್ಚುತ್ತದೆ ಎಂದು ಸಂಜೆಯೊಳಗೆ ಅದನ್ನೂ ಕಿತ್ತೆಸೆದರು.

ಉಳಿದದ್ದು ಒಂದೇ ದಾರಿ, ಫೋನಿನೊಳಗಿನ ದನಿಯನ್ನೇ ಅಳಿಸುವುದು. ಮೆಹನಾಜಳ ಅಂಗಡಿಗೆ ಹೋದೆವು. ಆಕೆ ತಲೆ ಮೇಲೆ ಕೈ ಹೊತ್ತು ಕೂತಳು.

“ಕಾಕಾ, ಎಲ್ಲಾ ಸಮಿತಿ ಹೆಸರಿನ್ಯಾಗ ಇರಬೇಕಂತ ಅಧ್ಯಕ್ಷರ ನಂಬರ್ ಹಾಕಸ್ಯಾರ. ಏನ ಅಳಸಬೇಕಂದ್ರೂ ಅವರ ಫೋನಿಗೆ ಓಟಿಪಿ ಹೋಗತೈತಿ. ಅವರು ಅದನ್ನ ಹೇಳಿದ್ರ ಒಂದ ನಿಮಿಷದ ಕೆಲಸ,” ಅಂದಳು.

ಮೂವರೂ ಅಡತಿ ಅಂಗಡಿಗೆ ಹೋದೆವು. ಪ್ರಭುಲಿಂಗಪ್ಪ ಲೋಡಿಗೆ ಒರಗಿ ಕೂತಿದ್ದ. ನೀಲಾ ತನ್ನ ಜೀವಮಾನದಲ್ಲಿ ಅಷ್ಟು ತಗ್ಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

“ಸಾವ್ಕಾರ್ರ, ನಿಮ್ಮ ಫಲಕ ಅಲ್ಲೇ ಇರಲಿ. ಬೇಕಾದ್ರ ಗಿಡಾನ ಬದಲ ಮಾಡೂಣು. ಆ ದನಿ ಒಂದ ತೆಗಸ್ರಿ. ನನ್ನ ದನಿ ಜನರಿಗೆ ವಿಷ ತಿನ್ನಂತ ಹೇಳಾಕತ್ತೈತ್ರಿ.”

“ನೋಡವಾ, ಮುಂದಿನ ಸೋಮವಾರ ನಮ್ಮ ಅಕ್ಕಾರು ಹುಬ್ಬಳ್ಳಿಯಿಂದ ಬರಾಕತ್ತಾರ, ಅಪ್ಪನ ಫಲಕದ ಮುಂದ ಫೋಟೊ ತೆಗಸ್ಕೊಳ್ಳಾಕ,” ಅಂದ ಪ್ರಭುಲಿಂಗಪ್ಪ. “ಅವರು ಹೋದ ಮ್ಯಾಲೆ ನೀ ಹೇಳಿದಂಗ ಮಾಡೂಣು. ಅಷ್ಟರಾಗ ಯಾರ ಸಾಯತಾರ?”

ಮೆಹನಾಜ ಸುಮ್ಮನಿರದೆ ತನ್ನ ಫೋನಿನಲ್ಲಿ ಗುಂಡಿ ಒತ್ತಿದಳು. ಅವನ ಫೋನು ಟಿಣ್ ಎಂದಿತು. “ಓಟಿಪಿ ಬಂದೈತ್ರಿ, ಅಷ್ಟ ಹೇಳಿಬಿಡ್ರಿ ಸಾವ್ಕಾರ್ರ,” ಅಂದಳು.

ಪ್ರಭುಲಿಂಗಪ್ಪ ಫೋನನ್ನು ಎದೆಗೆ ಅವುಚಿಕೊಂಡ. “ನನಗೇನ್ ಶಾಣ್ಯಾತನ ಕಲಸ್ತಿ? ಓಟಿಪಿ ಹೆತ್ತ ಮಗನಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನವರು ಹೇಳ್ಯಾರ. ನಡೀರಿ, ನಡೀರಿ!”

ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ನೀಲಾ ಹೊರಗೆ ಬಂದು ಜೋಳದ ಚೀಲದ ಮೇಲೆ ಕೂತು ಅತ್ತಳು. ಸಿಟ್ಟಿಗೆ ಅತ್ತದ್ದು, ದುಃಖಕ್ಕಲ್ಲ. ಆಮೇಲೆ ದಿನಾ ಮುಂಜಾನೆ ರೋಣದ ಬಸ್ಸು ಹಿಡಿಯುವ ಮೊದಲು ಗೇಟಿನ ಹೊರಗೆ ನಿಂತು ಒಳಗೆ ಹೋಗುವವರಿಗೆಲ್ಲ ಹೇಳತೊಡಗಿದಳು, “ಮೊದಲನೇ ಗಿಡ ಮುಟ್ಟಬ್ಯಾಡ್ರಿ, ಮೊದಲನೇ ಗಿಡ ಮುಟ್ಟಬ್ಯಾಡ್ರಿ.” ಕೆಲವರು ತಲೆಯಾಡಿಸಿ ಹೋಗುತ್ತಿದ್ದರು, ಕೆಲವರು ಸರಿದು ನಡೆಯುತ್ತಿದ್ದರು. ಗೇಟಿನ ಬಳಿ ಹೂ ಮಾರುವ ಗಾಳೆವ್ವ ಮಾಲೆ ಕಟ್ಟುತ್ತ, “ಓದಿ ಓದಿ ಹುಡುಗಿ ತಲಿ ಕೆಟ್ಟೈತಿ ನೋಡು,” ಎಂದು ಗಿರಾಕಿಗಳಿಗೆ ಹೇಳುತ್ತಿದ್ದಳು.

ಹುಬ್ಬಳ್ಳಿಯ ಅಕ್ಕ ಬರುವ ಮೊದಲೇ ಮಾನವ್ವ ಬಂದಳು.

ಆಕೆ ಊರಿಗೆ ಬರುವ ಕಾಲವೇ ಅದಲ್ಲ. ಗೋವಾದಲ್ಲಿ ಪಾದದ ಗಾಯ ಬಾತು ನಿಲ್ಲಲಾಗದೆ, ದೇವಪ್ಪನನ್ನು ಕೆಲಸದ ಮೇಲೆ ಬಿಟ್ಟು, ಒಬ್ಬಳೇ ಬಸ್ಸು ಹತ್ತಿದ್ದಳು. ಇದ್ದ ಒಂದು ಫೋನು ಗಂಡನ ಹತ್ತಿರ. ಮಗಳಿಗೆ ಹೇಳಿದರೆ ಗಾಬರಿಯಾಗುತ್ತಾಳೆಂದು ಹೇಳಿರಲಿಲ್ಲ. ಗಜೇಂದ್ರಗಡದಲ್ಲಿ ಇಳಿದಾಗ ಬೆಳಗಿನ ಬಿಸಿಲು ಏರಿತ್ತು, ನೀಲಾ ರೋಣಕ್ಕೆ ಹೋಗಿಯಾಗಿತ್ತು. ರಾಜೂರಿಗೆ ಹೋಗುವ ಮೊದಲು ಮಗಳ ದನಿ ಹಾಕಿದ ತೋಟ ನೋಡಬೇಕೆಂದು ಗಂಟು ಹೊತ್ತು ಕುಂಟುತ್ತ ಬಂದಳು.

ಗಾಳೆವ್ವನಿಗೆ ಆಕೆ ಯಾರೆಂದು ತಿಳಿಯದು. “ಯಕ್ಕಾ, ಇಲ್ಲೆ ಗಿಡ ಮಾತಾಡತಾವಂತಲ್ಲ, ಸಕ್ಕರಿ ಗಿಡ ಯಾವ್ದು? ನನಗ ಒಂದೀಟ ಕೇಳಸ್ತಿ?” ಎಂದು ಮಾನವ್ವ ಕೇಳಿದಳಂತೆ. ಗಾಳೆವ್ವ ತನ್ನ ಫೋನು ತಂದು ಗಾಜಿನ ಮುಂದೆ ಹಿಡಿದಳು. ಮಾನವ್ವ ಗಂಟು ಇಳಿಸಿ ನೆಲಕ್ಕೆ ಕೂತು ಕೇಳಿದಳು. ಮತ್ತೊಮ್ಮೆ ಹಾಕಿಸಿ ಕೇಳಿದಳು. “ನನ್ನ ಮಗಳು,” ಎಂದು ಫೋನಿನ ಕಡೆ ಬೆರಳು ಮಾಡಿದಳು. ಗಿಡಕ್ಕೆ ಕೈಮುಗಿದು ಒಂದೇ ಎಲೆ ಹರಿದು, ಸೆರಗಿನಲ್ಲಿ ಒರೆಸಿ, ಮಡಚಿ ಬಾಯಿಗಿಟ್ಟಳು.

ಅಗಿದ ಕೂಡಲೇ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಗಾಳೆವ್ವ, “ಉಗುಳ ಯವ್ವಾ, ಉಗುಳ!” ಎಂದು ಕೂಗಿದಳು. ಮಾನವ್ವ ತಲೆ ಅಲ್ಲಾಡಿಸಿದಳು. “ಔಷಧ ಅಂದಮ್ಯಾಲೆ ಖಾರ ಇರೂದ. ನಮ್ಮ ನೀಲಾ ಸುಳ್ಳ ಹೇಳಂಗಿಲ್ಲ,” ಅಂದಳು. ಅಗಿಯುವುದನ್ನು ಬಿಡಲಿಲ್ಲ. ಬಾಯಿ ತುಂಬ ಬೆಂಕಿ ಬಿದ್ದರೂ ಚೆನ್ನಾಗಿ ಅಗಿದು, ಮಗಳು ಹೇಳಿದಂತೆ ನುಂಗಿದಳು.

ನಾನು ಅದೇ ಹೊತ್ತಿಗೆ ಗೇಟಿನೊಳಗೆ ಕಾಲಿಟ್ಟೆ. ಮೊದಲು ಕಂಡದ್ದು ಜನರ ಬೆನ್ನು. ಸುತ್ತ ನಿಂತು ಫೋನು ಮೇಲೆತ್ತಿ ವಿಡಿಯೊ ಮಾಡುತ್ತಿದ್ದರು. ನಡುವೆ ಮಾನವ್ವ ಕೂತು ಗಂಟಲು ಹಿಡಿದುಕೊಂಡಿದ್ದಳು. ಜೊಲ್ಲು ಧಾರೆಯಾಗಿ ಸೀರೆಯ ಮೇಲೆ ಇಳಿಯುತ್ತಿತ್ತು, ನಾಲಿಗೆ ಬಾತು ಹೊರಗೆ ಬಂದಿತ್ತು, ಮಾತು ನಿಂತಿತ್ತು. ಒಬ್ಬನ ಕೈಯಿಂದ ಫೋನು ಕಸಿದು ನೆಲಕ್ಕೆ ಬಡಿದೆ. ಆಗ ನಾಲ್ಕು ಜನ ಎಚ್ಚರಾಗಿ ಆಟೊ ತಂದರು. ಊರಿನ ದವಾಖಾನೆಯಲ್ಲಿ ಸೂಜಿ ಚುಚ್ಚಿ ಗದಗಿಗೆ ಕಳಿಸಿದರು. ಗದಗಿನಲ್ಲಿ ಉಸಿರಿಗಾಗಿ ಗಂಟಲಲ್ಲಿ ನಳಿಕೆ ಇಳಿಸಿದರು.

ನೀಲಾ ರೋಣದಿಂದ ನೆಟ್ಟಗೆ ಗದಗಿಗೆ ಬಂದಳು. ಏನಾಯಿತೆಂದು ನಾನು ಹೇಳಿದೆ. ಅವಳು ಯಾರನ್ನೂ ಬಯ್ಯಲಿಲ್ಲ, ಅದನ್ನು ಕಂಡು ನನಗೆ ಹೆದರಿಕೆಯಾಯಿತು. ಹಾಸಿಗೆಯ ಪಕ್ಕ ಕೂತು ಅವ್ವನ ಪಾದದ ಗಾಯವನ್ನೇ ನೋಡುತ್ತಿದ್ದಳು.

ಮರುದಿನ ಪ್ರಭುಲಿಂಗಪ್ಪ ಸೇಬಿನ ಚೀಲ ಹಿಡಿದು ಬಂದ. ನುಂಗಲು ಬಾರದವಳಿಗೆ ಸೇಬು! ನನ್ನನ್ನು ವರಾಂಡಕ್ಕೆ ಕರೆದು, “ಪೇಪರಿನವರು ಬಂದ್ರ ಅಪ್ಪನ ಹೆಸರ ಬರಬಾರದ್ರಿ,” ಅಂದ. ಆಮೇಲೆ ದನಿ ತಗ್ಗಿಸಿ, “ಹಂಗ ನೋಡಿದ್ರ ನಮ್ಮದೇನ್ ತಪ್ಪೈತಿ? ತಿನ್ನು ಅಂತ ಹೇಳಿದ್ದು ಆಕಿ ದನಿನ ಅಲ್ಲೇನು?” ಅಂದ. ಜೀವನದಲ್ಲಿ ಮೊದಲ ಸಲ ಒಬ್ಬ ಮನುಷ್ಯನ ಮುಖದ ಮೇಲೆ ಉಗುಳಬೇಕೆನಿಸಿತು. ದವಾಖಾನೆಯ ನೆಲ ಯಾರೋ ಆಗತಾನೇ ಒರೆಸಿದ್ದರು, ನುಂಗಿಕೊಂಡೆ.

ಅವನಂದದ್ದನ್ನೇ ಊರೂ ಅಂದಿತು. ಮಗಳೇ ಹೇಳಿ ಹೆತ್ತವ್ವನಿಗೆ ವಿಷ ತಿನ್ನಿಸಿದಳು ಎಂದು ಚಹಾದ ಅಂಗಡಿಗಳಲ್ಲಿ ಮಾತು. ಆ ದನಿಯನ್ನು ಒಬ್ಬರಿಂದೊಬ್ಬರು ತಮ್ಮ ತಮ್ಮ ಫೋನಿಗೆ ತರಿಸಿಕೊಂಡು ಕೇಳಿದರು. ತೋಟ ತೆರೆದಾಗ ಕೂಡ ಅಷ್ಟು ಜನ ಕೇಳಿರಲಿಲ್ಲ. ಊರಿಗೆ ಉಪಕಾರ ಮಾಡಬೇಡ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಸಮಿತಿ ಕೂತು ಠರಾವು ಮಾಡಿತು, ತೋಟದಲ್ಲಿರುವ ವಿಷದ ಗಿಡಗಳನ್ನೆಲ್ಲ ಕಿತ್ತುಹಾಕಬೇಕು. ಯಾವುದು ವಿಷ ಎಂದು ನೀಲಾಳನ್ನು ಕೇಳಲು ಯಾರಿಗೂ ಮುಖವಿರಲಿಲ್ಲ. ಮುತ್ತಣ್ಣ ಗೋಣೆಪ್ಪನನ್ನು ಜೊತೆಗೆ ಕರೆದುಕೊಂಡು ಫಲಕದಿಂದ ಫಲಕಕ್ಕೆ ಫೋನು ಹಿಡಿಯುತ್ತ ಹೋದ. ಬಾಗಿಲ ಹತ್ತಿರದ ಗಿಡ ಒಳ್ಳೆಯದೆಂದು ಫೋನು ಹೇಳಿತು. ತಾನೇ ಬದಲಾಯಿಸಿದ ಸ್ಟಿಕರು ಎಂಬುದು ಆ ಮಹಾಶಯನಿಗೆ ನೆನಪಿರಲಿಲ್ಲವೋ, ಅಪ್ಪನ ಫಲಕದ ಮುಂದೆ ಗುಂಡಿ ತೋಡಿಸಲು ಮನಸ್ಸಾಗಲಿಲ್ಲವೋ, ದೇವರೇ ಬಲ್ಲ. ಟಾಕಿಯ ಹಿಂದಿನ ಗಿಡದ ಮುಂದೆ ಫೋನು ವಿಷ ಎಂದಿತು. ಗೋಣೆಪ್ಪ ಅದನ್ನು ಬುಡಸಮೇತ ಕಿತ್ತ, ಮೇಲೆ ಸುಣ್ಣ ಸುರಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಇನ್ನು ಮೇಲೆ ಹೇಳಬೇಕಾಗಿಲ್ಲ, ನಮ್ಮೂರ ಹೆಸರು ಹೇಳಿದರೆ ಸಾಕು.

ಸೋಮವಾರ ಹುಬ್ಬಳ್ಳಿಯ ಅಕ್ಕ ಬಂದು ಡಂಬ್‌ಕೇನಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡಳು. ಚುಕ್ಕಿ ಎಲೆಗಳು ಬಹಳ ಚಂದ ಬಂದಿದ್ದವಂತೆ. ಅದೇ ಸಂಜೆ ಸಾಹುಕಾರ ಮೆಹನಾಜಳಿಗೆ ತಾನಾಗಿಯೇ ಫೋನು ಮಾಡಿ ಓಟಿಪಿ ಹೇಳಿದ. ಆಕೆ ಆ ದನಿಯನ್ನು ಅಳಿಸಿದಳು. ಉಳಿದೆಲ್ಲ ಗಿಡಗಳ ದನಿಯನ್ನೂ ನೀಲಾಳೇ ಮುಂದೊಂದು ದಿನ ಸಾಹುಕಾರನಿಂದ ಮತ್ತೆ ಓಟಿಪಿ ಹೇಳಿಸಿ ಅಳಿಸಿಹಾಕಿಸಿದಳು.

ಇನ್ಸುಲಿನ್ ಗಿಡ ಕಿತ್ತದ್ದನ್ನು ನೀಲಾಳಿಗೆ ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಗದಗಿಗೆ ಹೋದೆ. ಹೋದಾಗ ಮಾನವ್ವನ ಗಂಟಲಿನ ನಳಿಕೆ ತೆಗೆದಿದ್ದರು. ದೇವಪ್ಪ ಗೋವಾದಿಂದ ಬಂದು ಕಾಲ ಬಳಿ ಕೂತಿದ್ದ. ಆಕೆ ಇನ್ನೂ ಮಾತಾಡಿಲ್ಲ, ಇವತ್ತು ನಾಳೆಯಲ್ಲಿ ದನಿ ಬರಬಹುದು ಎಂದು ಡಾಕ್ಟರು ಹೇಳಿದ್ದರು. ನೀಲಾ ಚಮಚದಿಂದ ತಣ್ಣಗಿನ ಗಂಜಿ ಹಾಕುತ್ತಿದ್ದಳು.

“ಯವ್ವಾ, ನಿನ್ನ ಮುಂದ ಒಂದ ಮಾತ ಹೇಳಬೇಕ ಬೇ,” ಎಂದು ನೀಲಾ ಶುರು ಮಾಡಿದಳು. “ನೀ ತಿಂದದ್ದು...”

ಮಾನವ್ವ ಕೈ ಎತ್ತಿ ಮಗಳ ಬಾಯಿ ಮುಚ್ಚಿದಳು. ತುಟಿ ಬಿಚ್ಚಲು ಎರಡು ಮೂರು ಸಲ ಹೆಣಗಿದಳು. ಕಡೆಗೆ ಗಾಳಿಯಂಥ ಸಣ್ಣ ದನಿ ಬಂತು. ನಾವು ಮೂವರೂ ಬಗ್ಗಿದೆವು.

“ಒಂದ ಚೂರೂ ಉಗುಳಲಿಲ್ಲವಾ ನಾ,” ಅಂದಳು. “ಸಕ್ಕರಿ ಇಳದೈತೇನ್, ಕೇಳಿದ್ಯಾ?”

ಗಿಡದ ಹೆಸರು ತಪ್ಪು ಹೇಳಿದರೆ ಪ್ರೊಫೆಸರನ್ನೂ ಬಿಡದ ನೀಲಾ ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಚಮಚವನ್ನು ಗಂಜಿಯಲ್ಲಿ ಇಟ್ಟಳು.

“ಇಳದೈತಿ ಬೇ,” ಅಂದಳು.